ಟಿಣ್

ನೂರಾ ಹದಿನೇಳು ಮಾತ್ರೆ ಸುಮ್ಮನೆ ನಿಲ್ಲಬೇಕು,
ನೂರಾ ಹದಿನೆಂಟಕ್ಕೆ ಒಂದು ಟಿಣ್.
ಅಷ್ಟೇ ನನ್ನ ಪಾಲು
ಇನಾಸ್ ಮೇಸ್ತ್ರಿಯ ‘ಕಾಳಿ’ಯಲ್ಲಿ.

ಗಾರೆ ಮೇಸ್ತ್ರಿಯಲ್ಲ, ಪಿಟೀಲು ಮೇಸ್ತ್ರಿ.
ಕೋಡಿಬಾಗದ ಧಕ್ಕೆಯಲ್ಲಿ ಲಾಂಚಿನ ಟಿಕೆಟ್ ಹರಿಯುತ್ತ
ಉಳಿದ ಚೂರಿನ ಬೆನ್ನಿಗೆ ಐದು ಗೆರೆ ಎಳೆದು
ಕಪ್ಪು ಚುಕ್ಕೆ ಕೂರಿಸುತ್ತಿದ್ದರು.
ನನಗೆ ಹದಿಮೂರು, ಬಾಂಗಡೆ ಬುಟ್ಟಿಯವಳ ಮಗ.
ನನ್ನ ಆರಿಸಿದ್ದು ಕಿವಿ ನೋಡಿ ಅಲ್ಲ,
‘ಈ ಪುರ್ಸು ಒಬ್ಬನೇ ನೋಡು
ಚಿಲ್ಲರೆ ಎಣಿಸಿ ತಗೊಳ್ಳುವವ.’

ಅದಕ್ಕೂ ಮೊದಲು ಮುಂಬೈ, ಹತ್ತೊಂಬತ್ತು ವರ್ಷ,
ಸ್ಟುಡಿಯೋದ ಮೂರನೇ ಸಾಲಿನಲ್ಲಿ ವಿಯೋಲಾ.
ಯಾರದೋ ರಾಗಕ್ಕೆ ಕೆಳಗಿನ ಸ್ವರ ಬರೆದುಕೊಟ್ಟು
ದಿನಗೂಲಿ ಎಣಿಸಿಕೊಂಡು
ಟ್ರಂಕು ತುಂಬ ಖಾಲಿ ಗೆರೆಯ ಹಾಳೆ ಹೊತ್ತು ಬಂದರು.
ಹೆಸರು? ಕೇಳಿದರೆ,
‘ಸಾರಿಗೆ ಉಪ್ಪು ಹಾಕಿದವನ ಹೆಸರು ಯಾರು ಕೇಳ್ತಾರೆ, ಪುತಾ?’

ಕೋಲು ಆಡಿಸಲು ಕಲಿತದ್ದು ಅಲ್ಲಲ್ಲ.
ಇಲ್ಲೇ, ರಂಪಣಿ ಎಳೆಯುವ ಬೆಳಿಗ್ಗೆ,
ಮೊಣಕಾಲು ಮರಳಲ್ಲಿ ಹೂತು ನಿಂತ ತಾಂಡೇಲನ ಕೈ ನೋಡಿ.
ಎಪ್ಪತ್ತು ಜನ, ಎರಡು ಹಗ್ಗ, ಒಂದೇ ಉಸಿರು.
‘ಕೈ ಎತ್ತುವ ಮೊದಲೇ ಬಲೆಗೆ ಗೊತ್ತಾಗಬೇಕು.’
ಅವರ ಕೋಲೂ ಗಾಳದ ಬಿದಿರಿನ ತುದಿ,
ಹಿಡಿಗೆ ಬಲೆಯ ಬೆಂಡು.

ಬರೆದದ್ದು ನಲವತ್ತು ವಾದ್ಯಕ್ಕೆ.
ಸಿಕ್ಕಿದವರು ಒಂಬತ್ತು.
ಮದುವೆ ಬ್ಯಾಂಡಿನ ಬಾಬಾಜಾನನ ಕ್ಲಾರಿನೆಟ್,
ಪೊಲೀಸ್ ಲೈನಿನ ಹವಾಲ್ದಾರನ ಕಹಳೆ,
ಪಿಟೀಲಿಗೆ ಸುಮತಿಬಾಯಿ ಶೇಜವಾಡಕರ ಮತ್ತವಳ ಮೂವರು ಶಿಷ್ಯರು,
ತಮಟೆಗೆ ಇಗರ್ಜಿಯ ಗಂಟೆ ಹೊಡೆಯುವವ,
ಲಂಗರಿನ ತುಂಡನ್ನು ಮುಕ್ಕೋನ ಬಗ್ಗಿಸಿಕೊಂಡ ನಾನು.
ಉಳಿದ ಮೂವತ್ತೊಂದನ್ನೂ ಹಾರ್ಮೋನಿಯಮ್ಮಿನಲ್ಲಿ ಹೊತ್ತವಳು
ಅವರ ತಂಗಿ ಎಸ್ಪೆರಾನ್ಸ, ಹತ್ತೇ ಬೆರಳಿನಲ್ಲಿ.

ಹೈಸ್ಕೂಲಿನ ಹಾಲು, ಮೇ ತಿಂಗಳ ಸೆಖೆ.
ಕೇಳಲು ಬಂದವರು ನಮಗಿಂತ ತುಸು ಹೆಚ್ಚು.
ಮೂರನೇ ಭಾಗ, ನದಿ ಸಮುದ್ರ ಸೇರುವಲ್ಲಿ
ಸಿಹಿ ಯಾವುದು ಉಪ್ಪು ಯಾವುದು ತಿಳಿಯದಲ್ಲಿ
ಕರೆಂಟು ಹೋಯಿತು.
ಯಾರೂ ನಿಲ್ಲಿಸಲಿಲ್ಲ.
ಕೋಲು ಕಾಣಲಿಲ್ಲ, ಮೇಸ್ತ್ರಿಯ ಉಸಿರು ಕೇಳುತ್ತಿತ್ತು,
ಏರಿಗೊಂದು, ಇಳಿತಕ್ಕೊಂದು.
ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು,
ಕಡೆಯ ಲಾಂಚಿನ ಭೋಂಗಾ ಕೂಗಿ
ಬೆಚ್ಚಿ ಬಿತ್ತು ಕೈ.

ಟಿಣ್.

ಯಾರೋ ಕತ್ತಲಲ್ಲಿ ಹೊಳೆಗೆ ಕಾಸು ಎಸೆದ ಹಾಗೆ.

ನಾಲ್ಕು ದಿನ ಧಕ್ಕೆಯ ಕಡೆ ತಲೆ ಹಾಕಲಿಲ್ಲ.
ಐದನೆಯ ದಿನ ಟಿಕೆಟ್ ಹರಿದು ಕೊಟ್ಟರು,
ಚಿಲ್ಲರೆ ಕೊಟ್ಟರು. ಎಣಿಸದೆ ತೆಗೆದುಕೊಂಡೆ.

ಆಮೇಲೆ ಸೇತುವೆ ಬಂತು, ಲಾಂಚು ನಿಂತಿತು.
‘ಕಾಳಿ’ ಇನ್ನೊಮ್ಮೆ ನುಡಿಯಲಿಲ್ಲ.
ಡಾಕ್ಟರು ಬರೆದುಕೊಟ್ಟದ್ದೂ ಮಾತ್ರೆಯೇ,
ಬೆಳಿಗ್ಗೆ ಒಂದು, ರಾತ್ರಿ ಅರ್ಧ.
‘ಆ ಅರ್ಧ ಇದೆಯಲ್ಲ, ಅಲ್ಲೇ ಎಲ್ಲರೂ ತಪ್ಪೋದು’
ಅಂತ ನಗುತ್ತಿದ್ದರು.

ಅವರು ತೀರಿಕೊಂಡ ವರ್ಷ ಎಸ್ಪೆರಾನ್ಸಬಾಯಿ ಟ್ರಂಕು ತೆರೆದಳು.
ಎರಡನೇ ಭಾಗ ಪೂರ್ತಿ ಗೆದ್ದಲಿನ ಪಾಲು.
ಮೂರರಲ್ಲಿ, ನೂರಾ ಹದಿನೆಂಟರ ನನ್ನ ಜಾಗ
ಬ್ಲೇಡಿನಿಂದ ಕೆರೆದು ಹಾಳೆ ತೆಳ್ಳಗಾಗಿತ್ತು.
ತೊಂಬತ್ತರಲ್ಲಿ ಕೆಂಪು ಪೆನ್ಸಿಲಿನ ಪುಟ್ಟ ಮುಕ್ಕೋನ.
ಅದು ಅಲ್ಲಿ ಬೀಳಲೇಬೇಕು ಅನ್ನುವ ಹಾಗೆ
ಕೆಳಗಿನ ಪಿಟೀಲುಗಳನ್ನೆಲ್ಲ
ಹನ್ನೊಂದು ಪುಟ, ಹೊಸದಾಗಿ ತಿದ್ದಿ ಬರೆದಿದ್ದರು.
ತಾರೀಖು ನೋಡಿದೆ:
ಆ ನಾಲ್ಕು ದಿನ.

ಈಗ ಬೈತಖೋಲದ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಎಣಿಸುತ್ತೇನೆ.
ಎಂಬತ್ತೊಂಬತ್ತಾದ ಮೇಲೆ ನಾಲಿಗೆ ತಡೆದು ನಿಲ್ಲುತ್ತದೆ.
ಹಮಾಲರು ಕಾಯುತ್ತಾರೆ, ಐಸು ಸೋರುತ್ತದೆ.
ತೊಂಬತ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ,
ತೊಂಬತ್ತೊಂದು ಅನ್ನುತ್ತೇನೆ.
ಸಂಜೆ ಲೆಕ್ಕದಲ್ಲಿ ಯಾವತ್ತೂ ಒಂದು ಪೆಟ್ಟಿಗೆ ಹೆಚ್ಚು,
ಸಾವ್ಕಾರನ ಬೈಗುಳ.