ಅರ್ಧ ಇಂಚು

ಟೇಪಿನ ಸೊನ್ನೆ ತುದಿ ನನ್ನ ಕೈಲಿ.
ಆ ತುದಿಗೆ ವಾಗೀಶ ಸರ್, ಬಾಯಲ್ಲಿ ಪೆನ್ನು.
ನಡುವೆ ಬಿಸಿಲು, ಒಂದು ಹೋರಿ, ಎರಡು ಲಗೇಜ್ ಆಟೋ,
ಮತ್ತೆ ದಾವಣಗೆರೆ ಹಳೇಪೇಟೆ.

ನಮೂನೆಯಲ್ಲಿ ಕಾಲಮ್ಮು ಒಂಬತ್ತು:
ಮಾಲೀಕರು, ಉದ್ದ, ಅಗಲ, ಚಾವಣಿ ಯಾವುದು,
ರಸ್ತೆಗೆ ಹೋಗುವುದೆಷ್ಟು.
ಮಣ್ಣಿನ ಗೋಡೆ, ಎರಡೂವರೆ ಅಡಿ ದಪ್ಪ, ಅಂತ ಬರೆದೆ.
ಅದಕ್ಕೆ ಬೆನ್ನು ಕೊಟ್ಟಾಗ ಬೆವರು ಬಂದ ದಾರಿಗೇ ಹೋಯಿತು.
ಅದನ್ನೆಲ್ಲಿ ಬರೆಯಲಿ?

ತಾರಸಿಯ ಅಂಚಿಗೆ ಗಾರೆಯ ಗಿಳಿ ಎರಡು.
ಒಂದಕ್ಕೆ ಕೊಕ್ಕಿಲ್ಲ. ಇನ್ನೊಂದರ ಕೊರಳಿಗೆ
ಕೇಬಲ್‌ನವರು ತಂತಿ ಸುತ್ತಿದ್ದಾರೆ.
ನಡುವೆ ೧೯೩೪; ನಾಲ್ಕರ ಸಂದಿಯಲ್ಲಿ ಅರಳಿ ಸಸಿ.
ಬಾಗಿಲವಾಡದ ಹೂವಿಗೆ ವರ್ಷವರ್ಷ ಎಣ್ಣೆಬಣ್ಣ ಬಳಿದು
ದಳಗಳು ಊದಿಕೊಂಡಿವೆ
ಹಲ್ಲುನೋವಿನ ಕೆನ್ನೆಯ ಹಾಗೆ.

ಕಂಚಿಕೇರಿ ಬಟ್ಟೆ ಅಂಗಡಿ. ಜಗಲಿ ಕಲ್ಲಿನ ಮೇಲೆ
ಎರಡು ಗೀರು.
"ಗಜ ಅದು," ಅಂದರು ಕೊಟ್ರಬಸಪ್ಪ,
"ಒಳಗೆ ಅಳೆದದ್ದು ನಂಬದೋರು
ಹೊರಗೆ ಬಂದು ಕಲ್ಲ ಮೇಲೆ ಹಾಸಿ ನೋಡೋರು."
ಸುಮ್ಮನೆ ಟೇಪು ಇಟ್ಟೆ.
ಮೂವತ್ತಾರೂವರೆ ಇಂಚು.

"ನಮ್ಮಜ್ಜನ ಧರ್ಮ," ಅಂದರು ಎದೆ ಸೆಟೆಸಿ.
ಎದುರಿನ ಬೀಗದಂಗಡಿ ಬುಡೇನ್‌ಸಾಬರು ಕೂತಲ್ಲೇ ನಕ್ಕರು:
"ಎಲ್ಲಿಯ ಧರ್ಮ! ಉಳಿ ಜಾರಿತ್ತು.
ಗೀರು ಹೊಡೆದದ್ದು ನಮ್ಮ ದಾದಾ.
ಕೂಲಿಯಲ್ಲಿ ಎಂಟಾಣೆ ಮುರಕೊಂಡರು ನಿಮ್ಮಜ್ಜ."
ಕೊಟ್ರಬಸಪ್ಪ ಏನೂ ಅನ್ನಲಿಲ್ಲ.
ಚಹಾ ತರಿಸಿದರು, ನಾಲ್ಕು.

ಎಂಟಾಣೆಗೆ, ಮೀಟರು ಬರುವ ತನಕ,
ಗಜಕ್ಕೆ ಅರ್ಧ ಇಂಚಿನ ಹಾಗೆ
ಬಟ್ಟೆ ಹೋಗಿದೆ ಈ ಬೀದಿಯಿಂದ:
ಯಾರದೋ ಕುಬುಸದ ತೋಳಿಗೆ, ಕೂಸಿನ ಕುಲಾವಿಗೆ,
ಹೆಣದ ಮೇಲೆ ಹೊದಿಸುವ ಬಿಳಿಗೆ.

"ಸೊನ್ನೆ ಎಲ್ಲಿಟ್ಟೆಯೋ? ಬಿಗಿ ಹಿಡಿ!" ಸರ್ ಕೂಗಿದರು.
ಹನ್ನೊಂದಡಿ ಒಳಗೆ, ಜಗಲಿ ದಾಟಿ,
ಪಡಸಾಲೆಯ ಎರಡನೇ ಕಂಬಕ್ಕೆ ಬಿತ್ತು ಕೆಂಪು ಗುರುತು.
ತೇಗದ ಕಂಬ. ಬಣ್ಣ ಹೀರಲಿಲ್ಲ,
ಸೋರಿ ಕೆಳಗಿಳಿಯಿತು.

ಬುಡೇನ್‌ಸಾಬರು ಎದ್ದು ಬಂದು
ಗೀರಿಗೆ ಹೆಬ್ಬೆರಳು ಇಟ್ಟು ನೋಡಿದರು,
ಮೊದಲ ಸಲವೋ ಏನೋ.
"ಕಲ್ಲು ಕೀಳೋ ದಿವಸ ನನಗೊಂದು ಮಾತು ಹೇಳ್ರಿ."

ಒಂಬತ್ತನೇ ಕಾಲಮ್ಮು, ಷರಾ.
ಬರೆದೆ: ಅರ್ಧ ಇಂಚು ಹೆಚ್ಚು.
ಸರ್ ಓದದೆ ಸಹಿ ಹಾಕಿದರು.