ಬಾಡಿಗೆ ಪುಸ್ತಕದಲ್ಲಿ ಮುತ್ತುರಾಯ

ಕುಣಿಗಲ್ಲಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ.
ಕಿರೀಟ, ಗದೆ, ಭುಜಕೀರ್ತಿ, ಗಡ್ಡ, ಮೀಸೆ, ಸೀನು ಸೀನರಿ
ಬಾಡಿಗೆಗೆ ಕೊಡುವವನು.
ಯಾರು ಏನು ಒಯ್ದರು, ಏನು ಮುರಿದು ತಂದರು,
ಬರೆದದ್ದು ಅಷ್ಟೇ, ಜೀವಮಾನದಲ್ಲಿ.

ಅವನ ಹೆಸರು ಮೊದಲು ಬಂದದ್ದು ಕೂಲಿ ಲೆಕ್ಕದಲ್ಲಿ:
ಇರುಳಿಗರ ಮುತ್ತುರಾಯ, ಹುಲಿಯೂರುದುರ್ಗದ ಕಡೆಯವನು,
ಸಿಂಹಾಸನ ಹೊತ್ತದ್ದಕ್ಕೆ ಮೂರು ರೂಪಾಯಿ.
ತಲೆಯ ಮೇಲೆ ಅದನ್ನು ಮಗುಚಿಕೊಂಡು
ಕೆರೆ ಏರಿಯ ಮೇಲೆ ಅವನು ನಡೆದರೆ
ಸಿಂಹಾಸನದೊಳಗಿಂದ ರಾಜನ ಮಾತು ಕೇಳುತ್ತಿತ್ತು,
ಮಂತ್ರಿಯದು, ರಾಣಿಯದು, ಕಂದಪದ್ಯದ ಸಮೇತ.

ನಮ್ಮ ಸೀಮೆಯಲ್ಲಿ ಪಾರ್ಟಿಗೆ ರೇಟು.
ರಾಜನಿಗೆ ಆರುನೂರು, ಮಂತ್ರಿಗೆ ಇನ್ನೂರೈವತ್ತು,
ದೂತನಿಗೂ ನಲವತ್ತು ಕಕ್ಕಬೇಕು.
ಪುಕ್ಕಟೆ ಸಿಗುತ್ತಿದ್ದದ್ದು ಒಂದೇ, ಕಾಡಿನವನ ಪಾರ್ಟು.
ಅದಕ್ಕಿದ್ದದ್ದೂ ಒಂದೇ ಮಾತು:
"ಹುಲಿ ಬಂತು, ಒಡೆಯಾ."

ಹೆಬ್ಬೂರಿನಲ್ಲಿ ಅವನು ಅದನ್ನು ಕೂಗಲಿಲ್ಲ.
ಮೆಲ್ಲಗೆ ಅಂದ,
ಪಕ್ಕದಲ್ಲಿ ಮಲಗಿದ ಮಗು ಏಳಬಾರದು ಅನ್ನುವ ಹಾಗೆ.
ಚಾಪೆಯ ಮೇಲಿದ್ದ ಮುನ್ನೂರು ಜನ
ಹಿಂತಿರುಗಿ ನೋಡಿದರು.
ಆರುನೂರು ಕೊಟ್ಟ ರಾಜನೂ.

ಆಮೇಲೆ ತುಮಕೂರಿನ ತಂಡದವರು ಕರೆದುಕೊಂಡು ಹೋದರು.
ಡೈರೆಕ್ಟರು ಅಂಗಿ ಬಿಚ್ಚಿಸಿ, ಬೆನ್ನಿಗೆ ಮಸಿ ಬಳಿಸಿ,
"ಇನ್ನೂ ಸ್ವಲ್ಪ ಕಾಡು ಬೇಕು ಕಣಯ್ಯಾ" ಅಂದರಂತೆ.
"ಯಾವ ಕಾಡು ಸಾರ್? ನಮ್ಮದಕ್ಕೆ ಗೇಟಿದೆ.
ಗಾರ್ಡು ಊಟಕ್ಕೆ ಹೋದಾಗ ಮಾತ್ರ ನಾವು ಒಳಗೆ."
ಇದನ್ನು ನನಗೆ ಹೇಳುವಾಗ ಅವನು ನಗಲಿಲ್ಲ.
ಮಸಿ ಬಿಡಿಸೋಕೆ ಎಷ್ಟು ಕೊಬ್ಬರಿ ಎಣ್ಣೆ ದಂಡವಾಯಿತು,
ಅದರ ಲೆಕ್ಕ ಕೊಟ್ಟ.

ಒಂದು ಸಲ ನನ್ನ ಹಳೇ ರಸೀತಿ ಕಟ್ಟು ಕೇಳಿಕೊಂಡು ಹೋಗಿ
ಹಿಂಬದಿಯಲ್ಲೆಲ್ಲ ಬರೆದುಕೊಂಡು ಬಂದ.
ಸಾಮಾನು ಏನು ಬೇಕಪ್ಪಾ ಅಂದೆ.
ಮೇಜು, ಕುರ್ಚಿ,
ಗಾಜಿಲ್ಲದ ಒಂದು ಕನ್ನಡಕ.

ನಾಟಕದಲ್ಲಿ ಒಬ್ಬಳು ಜಾತಿ ಸರ್ಟಿಫಿಕೇಟಿಗೆ ಬರುತ್ತಾಳೆ.
ಗುಮಾಸ್ತ ಮುತ್ತುರಾಯನೇ.
"ನೀನು ಇರುಳಿಗರವಳು ಅನ್ನೋದಕ್ಕೆ ಸಾಕ್ಷಿ?
ಜೇನು ಕಿತ್ತು ತೋರಿಸು.
ಕಿತ್ತರೆ ಕೇಸು ಹಾಕ್ತೀನಿ."

ತಾಲ್ಲೂಕಾಫೀಸಿನ ನಿಜವಾದ ಗುಮಾಸ್ತರು ಮುಂದಿನ ಸಾಲಲ್ಲಿದ್ದರು.
ನಡುವೆಯೇ ಎದ್ದು ನಿಂತರು:
"ರೀ, ಆ ಫಾರಂ ಅಲ್ಲ, ಅದು ಹೋದ ವರ್ಷವೇ ಬದಲಾಯಿತು."
ಮುತ್ತುರಾಯ ಕನ್ನಡಕ ತೆಗೆದ, ಟವಲಿನಲ್ಲಿ ಕುರ್ಚಿ ಒರೆಸಿದ,
"ಬನ್ನಿ ಸಾರ್, ನೀವೇ ಕೂತ್ಕೊಳ್ಳಿ."
ಬಂದು ಕೂತರು ಪುಣ್ಯಾತ್ಮರು!
ಅರ್ಧ ಗಂಟೆ ಅವಳ ಅರ್ಜಿ ವಿಚಾರಿಸಿದರು.
ಸರ್ಟಿಫಿಕೇಟು ಮಾತ್ರ ಕೊಡಲಿಲ್ಲ.

ಅದೇ ನಾಟಕದಲ್ಲಿ ಇನ್ನೊಂದು ಮಾತು:
"ಬೇರೆಯವರಿಗೆ ಹತ್ತು. ನಿಮ್ಮವರಿಗೆ ಇಪ್ಪತ್ತು ಮುಂಗಡ."
ಎಲ್ಲರಿಗಿಂತ ಮೊದಲು ನಕ್ಕವನು ನಾನು.
ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು
ಅದು ಯಾರ ಬಾಯಿನ ಮಾತು ಅಂತ.
ಅಂಗಡಿಗೆ ವಾಪಸು ಹೋಗಿ ಪುಸ್ತಕ ತೆಗೆದೆ.
ಹನ್ನೊಂದು ವರ್ಷ, ಅವನ ಹೆಸರಿನ ಮುಂದೆಲ್ಲ
ಇಪ್ಪತ್ತು, ಇಪ್ಪತ್ತು, ಇಪ್ಪತ್ತು,
ನನ್ನದೇ ಮೋಡಿ ಅಕ್ಷರದಲ್ಲಿ.
ಒಂದು ದಿನವೂ ಅವನು ಬಾಯಿಬಿಟ್ಟು ಕೇಳಿರಲಿಲ್ಲ.

ವಯಸ್ಸಾದ ಮೇಲೆ ಸರ್ಕಾರದವರು ಶಾಲು ಹೊದಿಸಿದರು.
ಮಾರನೇ ದಿನ ಮೊದಲ ಬಸ್ಸಿಗೆ ಬಂದು
ಅದನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟ.
"ಬಾಡಿಗೆಗೆ ಬಿಡಿ ಅಣ್ಣಾ, ರಾಜನ ಪಾರ್ಟಿಗಾಗುತ್ತೆ.
ಬಂದದ್ದರಲ್ಲಿ ಅರ್ಧರ್ಧ."

ಶಾಲು ಈವರೆಗೆ ಮೂವತ್ತೆಂಟು ರಾಜರನ್ನು ಕಂಡಿದೆ.
ಅಂಚಿನಲ್ಲಿ ಯಾವನೋ ಬೀಡಿಯಲ್ಲಿ ಸುಟ್ಟ ತೂತು.
ಮುತ್ತುರಾಯ ಹೋದ ಮಾಘದಲ್ಲಿ ತೀರಿಕೊಂಡ.
ಮಗಳು ತಿಂಗಳಿಗೊಮ್ಮೆ ಬಂದು
ಅರ್ಧ ಎಣಿಸಿಕೊಂಡು ಹೋಗುತ್ತಾಳೆ.

ಮೊನ್ನೆ ಕೇಳಿದೆ, ಆ ಕನ್ನಡಕ ಮನೆಯಲ್ಲಿದೆಯೇನಮ್ಮಾ?
"ಇದೆ. ಭಾನುವಾರ ಅಮೃತೂರಿನಲ್ಲಿ ನಾಟಕ,
ಗುಮಾಸ್ತನ ಪಾರ್ಟು ನಾನೇ" ಅಂದಳು.
"ಮುಂಗಡ ಎಷ್ಟು ಕೊಡಲಿ?"

ನಾನು ಗಡ್ಡಗಳನ್ನು ಬಿಸಿಲಿಗೆ ಹರವುತ್ತಿದ್ದೆ.