ಯಾರು ಯಾರು ನೋಡಿದರು

ಹಡಗಿನ ಅಡುಗೆಮನೆಯಲ್ಲಿ ಬಟಾಣಿ ಸಾರು ಕಲಕುತ್ತ
ಇಪ್ಪತ್ತಾರು ವರ್ಷ ಈ ದ್ವೀಪಕ್ಕೂ ಆ ದಡಕ್ಕೂ
ಹೋಗಿ ಬಂದವಳು ನಾನು, ಹೆಲ್ವೆ.
ಎಲ್ಲಿಗೂ ಹೋಗಲಿಲ್ಲ ಅಂತಲೂ ಹೇಳಬಹುದು.

ನವೆಂಬರಿನಲ್ಲಿ ಎಡ ಮೊಲೆಯಲ್ಲಿ ಕೈಗೆ ಸಿಕ್ಕಿದ್ದೂ
ಅಂಥದೇ ಒಂದು ಕಾಳು.
ತಾಲಿನ್‌ನಲ್ಲಿ ತೆಗೆದರು, ಹೊಲಿದರು,
ಎಲ್ಲ ನಿಮ್ಮ ಕಡತದಲ್ಲಿದೆ ಅಂದರು.
ಕಾಗದವಿಲ್ಲದ, ಕಪಾಟಿಲ್ಲದ, ದಾರ ಕಟ್ಟದ ಕಡತ.

ಕ್ಯಾರ್ಡ್ಲಾದ ಗ್ರಂಥಾಲಯದಲ್ಲಿ ರಾಸ್ಮುಸ್ ಎಂಬ ಹುಡುಗ
ಬುಧವಾರ ಬುಧವಾರ ಮುದುಕರಿಗೆ ಕಂಪ್ಯೂಟರ್ ಕಲಿಸುತ್ತಾನೆ.
ಬ್ಲಾಕ್‌ಚೈನ್ ಅಂದ. ನಾನು ಸುಮ್ಮನಿದ್ದೆ.
ನನ್ನ ಚೀಲದಿಂದ ಅರೆಹೆಣೆದ ಕೈಗವಸು ಎತ್ತಿ
"ನೋಡಿ, ಇದೇ" ಅಂದ. "ಪ್ರತಿ ಕುಣಿಕೆಯೂ
ಹಿಂದಿನದರ ಕೊರಳೊಳಗಿಂದ ಬಂದದ್ದು.
ನಡುವೆ ಯಾರಾದರೂ ಒಂದನ್ನು ಕದಲಿಸಿದರೆ
ಆಮೇಲಿನದೆಲ್ಲ ಸೊಟ್ಟಗಾಗುತ್ತದೆ, ಸಿಕ್ಕಿಬೀಳುತ್ತಾರೆ.
ಡಾಕ್ಟರು ಬರೆದದ್ದನ್ನು ಡಾಕ್ಟರೇ ತಿದ್ದಿದರೂ
ತಿದ್ದಿದ್ದು ಕಾಣುತ್ತದೆ.
ಕದ್ದು ನೋಡಿದರೆ ನೋಡಿದ್ದು ಕಾಣುತ್ತದೆ.
ಮಂತ್ರಿಯಾದರೂ ಅಷ್ಟೆ."

ಹಾಗಲ್ಲ ಹುಡುಗಾ, ಅನ್ನಬೇಕೆಂದಿದ್ದೆ,
ಹೆಣಿಗೆಯನ್ನು ಬಿಚ್ಚಬಹುದು. ನಾನೇ ಬಿಚ್ಚಿದ್ದೇನೆ.
ಹದಿಮೂರು ವರ್ಷದ ಹಿಂದೆ, ಒಂದು ಕೆಂಪು ಸ್ವೆಟರ್,
ತೋಳು, ಎದೆ, ಕತ್ತು, ಒಂದೇ ಸಂಜೆಗೆ
ಉಂಡೆ ಸುತ್ತಿ ಬುಟ್ಟಿಗೆ ಹಾಕಿದ್ದೇನೆ.
ಉಣ್ಣೆ ಮಾತ್ರ ಮರೆಯಲಿಲ್ಲ.
ಗುಂಗುರು ಗುಂಗುರಾಗಿಯೇ ಉಳಿಯಿತು.

ಅನ್ನಲಿಲ್ಲ.
ಅವನು ಪರದೆಯ ಮೇಲೆ ಪಟ್ಟಿಯೊಂದನ್ನು ತೆರೆದ:
ನನ್ನ ಕಡತವನ್ನು ಯಾರು ಯಾರು ನೋಡಿದರು.
ಶಸ್ತ್ರವೈದ್ಯ, ಎರಡು ಸಲ. ಪ್ರಯೋಗಾಲಯ. ಔಷಧದಂಗಡಿ.
ನಮ್ಮೂರ ಡಾಕ್ಟರ್ ತಂಬೆತ್, ಊಟದ ಹೊತ್ತಿನಲ್ಲಿ, ಪಾಪ.
ಆಮೇಲೆ
ತಾರ್ತು ಆಸ್ಪತ್ರೆ, ದಾದಿ, ಕೈರಿ ಲೆಪಿಕ್,
ರಾತ್ರಿ ಮೂರು ಹನ್ನೆರಡು.
ಮರುರಾತ್ರಿ ಮೂರು ನಲವತ್ತು.
ಕ್ರಿಸ್ಮಸ್ಸಿನ ರಾತ್ರಿ ಎರಡು ಐದು.

"ಇವರು ನಿಮಗೆ ಚಿಕಿತ್ಸೆ ಕೊಟ್ಟವರಲ್ಲವಲ್ಲ!"
ರಾಸ್ಮುಸ್‌ನ ಕಿವಿ ಕೆಂಪಾಯಿತು.
"ಇಲ್ಲಿ ಒತ್ತಿದರೆ ದೂರು ಹೋಗುತ್ತದೆ.
ಅವರ ಕೆಲಸವೂ ಹೋಗುತ್ತದೆ."

ಅವಳಪ್ಪ ನನ್ನನ್ನು ಮದುವೆಯಾದಾಗ ಆರು ವರ್ಷದವಳು.
ಮುಳ್ಳು ಬಿಡಿಸಿ ಕೊಟ್ಟರೂ ನನ್ನ ಕೈಯ ಮೀನು ತಿನ್ನದವಳು.
ಜ್ವರ ಬಂದರೆ ಮಾತ್ರ ಪಕ್ಕ ಬಂದು ಮಲಗುವಳು,
ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಎದ್ದು ಹೋಗುವಳು.
ಹತ್ತೊಂಬತ್ತಕ್ಕೆ, ಅವನನ್ನು ಮಣ್ಣು ಮಾಡಿದ ದಿನ,
ನೀನು ನನಗೆ ಯಾರೂ ಅಲ್ಲ ಅಂದು ಹಡಗು ಹತ್ತಿದಳು.
ನನ್ನದೇ ಹಡಗು. ಸಾರು ಬೇಡವೆಂದಳು.

ಮೂರು ಹನ್ನೆರಡು.
ವಾರ್ಡು ನಿದ್ದೆಹೋದ ಮೇಲೆ ನನ್ನ ಹೆಸರು ಒತ್ತಿದ್ದಾಳೆ.
ದಾದಿಯಲ್ಲವೆ, ಗೊತ್ತು ಅವಳಿಗೆ
ಈ ಹಿಮದಲ್ಲಿ ಹೆಜ್ಜೆ ಕರಗುವುದಿಲ್ಲವೆಂದು.
ಗೊತ್ತಿದ್ದೂ ಮೂರು ಸಲ.
ಹನ್ನೊಂದು ಮಿಲಿಮೀಟರ್ ಅಂತ ಓದಿರಬೇಕು.
ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ಓದಿರಬೇಕು.
ಓದಿ ಉಸಿರು ಬಿಟ್ಟಳೋ ಇಲ್ಲವೋ
ಅದನ್ನು ಯಾವ ಸರಪಳಿಯೂ ಬರೆದಿಟ್ಟಿಲ್ಲ.

"ದೂರು?" ಅಂದ ರಾಸ್ಮುಸ್.
ಬೇರೆ ಏನೇನಿದೆ ಒತ್ತುವುದಕ್ಕೆ, ಅಂದೆ.
ಅನುಮತಿ ಅಂತ ಒಂದಿತ್ತು.
ಒಂದೇ ಬೆರಳಲ್ಲಿ ಅವಳ ಹೆಸರು ತುಂಬಿದೆ.
ಸಂಬಂಧ? ಅಂತ ಕೇಳಿ ಪಟ್ಟಿ ಇಳಿಸಿತು:
ಗಂಡ, ಮಗ, ಮಗಳು, ಅಕ್ಕತಂಗಿ, ಇತರೆ.
ಹೊರಗೆ ಹಿಮ ಬಳಿಯುವ ಗಾಡಿ
ಎರಡು ಸಲ ಬೀದಿ ಸುತ್ತಿ ಬಂತು.
ಒತ್ತಿದೆ.

ಈ ನಮೂದನ್ನು ಮುಂದೆಂದೂ ಅಳಿಸಲಾಗದು, ಖಚಿತವೇ?
ಅಂತ ಕೇಳಿತು ಯಂತ್ರ.
ಮದುವೆಯ ದಿನ ಪಾದ್ರಿ ನೂರು ಕೇಳಿದ್ದರು,
ಇದೊಂದನ್ನು ಕೇಳಿರಲಿಲ್ಲ.

ವಾಪಸು ಬಸ್ಸಿನಲ್ಲಿ ಕೈಗವಸು ತೆಗೆದು ಕೂತೆ.
ಹೆಬ್ಬೆರಳಿಗೆ ಜಾಗ ಬಿಡಬೇಕಿತ್ತು.
ಹತ್ತೊಂಬತ್ತರ ಕೈ ಅಳತೆ ನೆನಪಿದೆ ನನಗೆ.
ಮೂವತ್ತೆರಡಕ್ಕೆ
ಎಷ್ಟು ಮನೆ ಹೆಚ್ಚು ಹಾಕಬೇಕು?